ಜಗಲಿ ಮೇಷ್ಟ್ರ ಹೂಂ

ಯಲಹಂಕದ ಆ ಮನೆಯ ಅಡಿಗೆಮನೆ ಬಾಗಿಲಲ್ಲಿ ನಿಂತು ನಾನು ಒಂದು ಮಾತು ಕೊಟ್ಟೆ. ಕೊಡುವ ಮೊದಲು ಒಂದು ಕ್ಷಣ ಯೋಚಿಸಿದ್ದರೆ ಮುಂದಿನ ಎಂಟು ದಿನ ನನಗೆ ಅನ್ನ ಸೇರುತ್ತಿತ್ತು. ಆದರೆ ನನ್ನ ನಾಲಗೆ ಯಾವತ್ತೂ ನನ್ನ ಬುದ್ಧಿಗಿಂತ ಎರಡು ಹೆಜ್ಜೆ ಮುಂದೆ. ಅಮ್ಮ ಬೈಯುತ್ತಿದ್ದದ್ದೂ ಅದಕ್ಕೇ.

ಸತ್ತವರು ನಮ್ಮ ರೇಡಿಯೋ ನಿಲಯದ ಜಗಲಿ ಮೇಷ್ಟ್ರು. ಮೊದಲು ಹಳ್ಳಿ ಶಾಲೆಯ ಮೇಷ್ಟ್ರಾಗಿದ್ದವರು, ಆಮೇಲೆ ಹತ್ತು ವರ್ಷಕ್ಕೂ ಮೇಲ್ಪಟ್ಟು ಪ್ರತಿ ಸಂಜೆ ಆರೂವರೆಗೆ ‘ಸಂಜೆ ಜಗಲಿ’ ನಡೆಸಿದರು. ಕೇಳುಗರ ಜೊತೆ ಮಾತಾಡುವ ಕಾರ್ಯಕ್ರಮ ಅದು. ಅರವತ್ತರ ದಶಕದ ನಡುವಿನ ಮಾತು ಇದು. ಹಳ್ಳಿಯಲ್ಲಿ ಟೆಲಿಫೋನು ಕಂಡವರು ಯಾರು? ಕೇಳುಗರು ಮಾತಾಡುತ್ತಿದ್ದದ್ದು ಪೋಸ್ಟ್ ಕಾರ್ಡಿನಲ್ಲಿ. ರಾಗಿಗೆ ಬಂದ ಹುಳದಿಂದ ಹಿಡಿದು ಅತ್ತೆ ಸೊಸೆ ಜಗಳದವರೆಗೆ ಬರೆಯುತ್ತಿದ್ದರು. ಮೇಷ್ಟ್ರು ಕಾರ್ಡು ಓದಿ, ಪಕ್ಕದಲ್ಲಿ ಕೂತವರಿಗೆ ಹೇಳಿದ ಹಾಗೆ ಉತ್ತರ ಹೇಳುತ್ತಿದ್ದರು. ವಾರಕ್ಕೊಮ್ಮೆ ವ್ಯಾನಿನಲ್ಲಿ ಯಾವುದಾದರೂ ಹಳ್ಳಿಗೆ ಹೋಗಿ ಅಲ್ಲಿಯವರ ಮಾತನ್ನು ಟೇಪಿನಲ್ಲಿ ಹಿಡಿದು ತರುತ್ತಿದ್ದರು. ಕೊನೆಯ ನಾಲ್ಕು ವರ್ಷ ಆ ಟೇಪನ್ನು ಕತ್ತರಿಸಿ ಅಂಟಿಸಿ ಸರಿ ಮಾಡುತ್ತಿದ್ದವಳು ನಾನು.

ಒಂದು ಶನಿವಾರ ಬೆಳಿಗ್ಗೆ ಯಲಹಂಕದಿಂದ ಕೆಲಸಕ್ಕೆ ಹೊರಟ ಮೇಷ್ಟ್ರು, ಬಸ್ಸು ಹೆಬ್ಬಾಳದ ಕೆರೆ ಏರಿ ದಾಟುವಷ್ಟರಲ್ಲಿ ಕೂತಲ್ಲೇ ಹೋಗಿಬಿಟ್ಟರು. ಮಡಿಲಲ್ಲಿ ಕಾರ್ಡಿನ ಕಟ್ಟು ಹಾಗೇ ಇತ್ತಂತೆ. ಸೋಮವಾರ ನಾವು ಐದಾರು ಜನ ಅವರ ಮನೆಗೆ ಹೋದೆವು. ಗಂಡಸರು ಹೊರಗೆ ಜಗಲಿಯ ಮೇಲೆ ಕೂತರು. ನಾನು ಒಳಗೆ ಅವರ ಹೆಂಡತಿಯ ಹತ್ತಿರ ಹೋದೆ. ಆಕೆ ಅಳುತ್ತಿರಲಿಲ್ಲ. ತಣ್ಣಗಿದ್ದ ಒಲೆಯನ್ನು ನೋಡುತ್ತ ಕೂತಿದ್ದರು.

“ಅವತ್ತು ಬೆಳಿಗ್ಗೆ ಹೋಗ್ಬರ್ತೀನಿ ಕಣೇ ಅಂದ್ರಮ್ಮ,” ಅಂದರು. “ಹಸಿ ಸೌದೆ. ಒಲೆ ಉರೀತಿರ್ಲಿಲ್ಲ. ಬಾಯಲ್ಲಿ ಊದುಗೊಳವೆ ಇತ್ತು. ಕೇಳಿಸ್ತು, ಆದ್ರೆ ಹೂಂ ಬನ್ನಿ ಅನ್ನಲಿಲ್ಲ. ಇಪ್ಪತ್ತೆಂಟು ವರ್ಷದಲ್ಲಿ ಒಂದಿನಾನೂ ತಪ್ಪಿರ್ಲಿಲ್ಲ ನೋಡು.”

ನಮ್ಮ ಕಡೆ ‘ಹೋಗ್ತೀನಿ’ ಅನ್ನುವುದಿಲ್ಲ, ‘ಹೋಗ್ಬರ್ತೀನಿ’ ಅನ್ನುತ್ತೇವೆ. ಅದಕ್ಕೆ ಒಳಗಿನಿಂದ ‘ಹೂಂ, ಬನ್ನಿ’ ಅಂತ ಬರಬೇಕು. ಬರದಿದ್ದರೆ ನಾನೂ ಹೊಸಿಲಲ್ಲಿ ನಿಂತು ‘ಅಮ್ಮಾ, ಹೋಗ್ಬರ್ತೀನಿ’ ಅಂತ ಇನ್ನೊಂದು ಸಲ ಕೂಗುವವಳೇ.

“ಹನ್ನೊಂದನೇ ದಿನ ರೇಡಿಯೋದಲ್ಲಿ ಅವರ ಬಗ್ಗೆ ಏನೋ ಮಾಡ್ತಾರಂತಲ್ಲ,” ಅಂದರು ಆಕೆ. “ಅದರಲ್ಲಿ ಅವರ ದನಿ ಬರುತ್ತಾ? ಒಂದೇ ಒಂದ್ ಸಲ ಕೇಳ್ಬೇಕು. ಎರಡು ಮಾತು ಸಾಕು.”

“ಬರುತ್ತಮ್ಮ. ಖಂಡಿತ ಬರುತ್ತೆ. ನಾನೇ ಅಲ್ವಾ ಮಾಡೋಳು,” ಅಂದೆ.

ಅದೇ ನಾನು ಕೊಟ್ಟ ಮಾತು.

ಮಂಗಳವಾರ ಬೆಳಿಗ್ಗೆ ಯಶವಂತಪುರದ ನಮ್ಮ ಮನೆಯಿಂದ ಎಂಟು ಗಂಟೆಗೇ ಹೊರಟು ಆಫೀಸು ಸೇರಿ ಟೇಪುಗಳ ರಿಜಿಸ್ಟರು ತೆಗೆದೆ. ಬಸ್ಸಿನಲ್ಲಿ ಬರುವಾಗಲೇ ಅನುಮಾನ ಶುರುವಾಗಿತ್ತು. ಸಂಜೆ ಜಗಲಿಯ ಕಾಗದ ಓದುವ ಭಾಗ ನೇರ ಪ್ರಸಾರ. ಅದು ಟೇಪಿಗೆ ಬೀಳುತ್ತಲೇ ಇರಲಿಲ್ಲ. ಹಳ್ಳಿ ಭೇಟಿಯ ಟೇಪುಗಳಿದ್ದವು, ಆದರೆ ಅವನ್ನು ಮೂರು ತಿಂಗಳಿಗಿಂತ ಹೆಚ್ಚು ಇಡುವ ಹಾಗಿಲ್ಲ. ಟೇಪು ಹೊರದೇಶದಿಂದ ಬರಬೇಕು, ಯಾವಾಗಲೂ ಕೊರತೆ. ಹಳೆಯದನ್ನು ಅಳಿಸಿ ಮತ್ತೆ ಉಪಯೋಗಿಸಬೇಕು. ಸಂಗೀತ ಮಾತ್ರ ಉಳಿಸುತ್ತಿದ್ದರು. ಮಾತಿಗೆ ಯಾವ ಬೆಲೆ!

ರಿಜಿಸ್ಟರಿನ ಪುಟ ಪುಟದಲ್ಲೂ ‘ಸಂಜೆ ಜಗಲಿ, ಅಳಿಸಲಾಗಿದೆ’ ಎಂದಿತ್ತು. ಪ್ರತಿ ಸಾಲಿನ ಕೊನೆಯಲ್ಲಿ ಸಹಿ. ಸಹಿ ಯಾರದ್ದು? ನನ್ನದೇ. ತಿಂಗಳ ಮೊದಲ ದಿನ ರೀಲುಗಳನ್ನು ಒಂದೊಂದಾಗಿ ಟೇಪು ಅಳಿಸುವ ಅಯಸ್ಕಾಂತದ ಪೆಟ್ಟಿಗೆಯ ಮೇಲಿಟ್ಟು, ಗುಂಡಿ ಒತ್ತಿ, ಒಂದು ಸುತ್ತು ತಿರುಗಿಸಿ ತೆಗೆದರೆ ಅರ್ಧ ಗಂಟೆಯ ಮಾತು ಮಂಗಮಾಯ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರಲ್ಲ, ಇಲ್ಲಿ ದೊಣ್ಣೆ ಹಿಡಿದವಳು ನಾನು. ಹಾಡು ಗುನುಗಿಕೊಂಡು ಹಿಡಿದಿದ್ದೆ ಬೇರೆ. ಕಳೆದ ಮೂರು ತಿಂಗಳದ್ದಾದರೂ ಇರಬೇಕಲ್ಲ ಅಂತ ಕಪಾಟಿಗೆ ಓಡಿದೆ. ಆ ತಿಂಗಳು ಯಾವುದೋ ಉತ್ಸವದ ಧ್ವನಿಮುದ್ರಣಕ್ಕೆ ಟೇಪು ಸಾಲದೆ ಎಲ್ಲವನ್ನೂ ಮುಂಚೆಯೇ ಅಳಿಸಿ ಕೊಟ್ಟಿದ್ದೆವು. ‘ಕೊಟ್ಟಿದ್ದೆವು’ ಏನು ಬಂತು, ಕೊಟ್ಟಿದ್ದೆ.

ರಿಜಿಸ್ಟರಿನ ಮೇಲೆ ತಲೆಯಿಟ್ಟು ಅತ್ತೆ. ಪಿಟೀಲು ನುಡಿಸುವ ಹಿರಿಯರೊಬ್ಬರು ಬಂದು “ಯಾಕಮ್ಮ, ಜ್ವರವಾ?” ಅಂತ ಕೇಳಿಕೊಂಡು ಹೋದರು.

ನಾನು ಸೇರಿದ ಮೊದಲ ವಾರ ನೆನಪಾಯಿತು. ಟೈಪಿಸ್ಟ್ ಆಗಿ ಬಂದವಳನ್ನು ಟೇಪಿನ ಕೋಣೆಗೆ ಹಾಕಿದ್ದರು. ಹಿರಿಯ ಇಂಜಿನಿಯರು ಕೆಲಸ ಕಲಿಸಿದರು. ಟೇಪನ್ನು ಕೈಯಲ್ಲಿ ಹಿಂದೆ ಮುಂದೆ ಎಳೆದು ಶಬ್ದ ಎಲ್ಲಿ ಶುರುವಾಗುತ್ತದೆ ಅಂತ ಹಿಡಿಯಬೇಕು, ಹಳದಿ ಮೇಣದ ಪೆನ್ಸಿಲಿನಲ್ಲಿ ಗುರುತು ಹಾಕಬೇಕು, ಬ್ಲೇಡಿನಿಂದ ಓರೆಯಾಗಿ ಕತ್ತರಿಸಿ ಅಂಟಿಸಬೇಕು. “ಕೆಮ್ಮು, ಸೀನು, ಹೂಂ, ಹಾಂ, ಎಲ್ಲಾ ತೆಗೀಬೇಕು. ಅದೆಲ್ಲ ಕಸ,” ಅಂದಿದ್ದರು. ನಾನು ಹೇಳಿದ್ದನ್ನು ಶಿರಸಾವಹಿಸಿ ಮಾಡಿದೆ. ಮೇಷ್ಟ್ರ ಹಳ್ಳಿ ಟೇಪು ಬಂದರೆ ಅದರ ತುಂಬ ಹೂಂಗಳೇ. ರೈತ ಒಂದು ಮಾತು ಹೇಳುವುದು, ಇವರು ಹೂಂ ಅನ್ನುವುದು. ಅವನು ಇನ್ನೊಂದು ಹೇಳುವುದು, ಇವರು ಹ್ಞಾಂ ಅನ್ನುವುದು. ಇವರ ಪ್ರಶ್ನೆಗಳನ್ನು, ಮಾತನ್ನು ಟೇಪಿನಲ್ಲಿ ಉಳಿಸಿಕೊಂಡು, ಹೂಂ ಹ್ಞಾಂಗಳನ್ನೆಲ್ಲ ಕಚ ಕಚ ಕತ್ತರಿಸಿದೆ.

ಮಾರನೆಯ ದಿನ ಮೇಷ್ಟ್ರು ಬಾಗಿಲಲ್ಲಿ ನಿಂತು, “ಏನಮ್ಮಾ ಕತ್ತರಿ ತಾಯಿ, ನನ್ನ ಹೂಂ ಎಲ್ಲಾ ಎಲ್ಲಿ?” ಅಂದರು.

“ತೆಗೆದೆ ಸಾರ್. ರೂಲ್ಸು.”

ಮೇಜಿನ ಮೇಲಿದ್ದ ಬಿಸ್ಕತ್ತಿನ ಡಬ್ಬದಲ್ಲಿ ಟೇಪಿನ ಚೂರುಗಳು ಸುರುಳಿ ಸುತ್ತಿ ಬಿದ್ದಿದ್ದವು. ಅದರಲ್ಲಿ ಕೈಯಾಡಿಸಿ, “ಅಯ್ಯೋ, ಒಂದ್ ಡಬ್ಬ ಹೂಂ! ಒಬ್ಬ ಮನುಷ್ಯ ಇಷ್ಟೊಂದು ಒಪ್ಕೊಂಡ್ರೆ ಮನೆ ಉಳಿಯುತ್ತಾ?” ಅಂತ ನಕ್ಕರು. ಆಗ ನಮ್ಮ ಮನೆಯಲ್ಲಿ ನನಗೆ ಗಂಡು ನೋಡುತ್ತಿದ್ದರು, ನಾನು ಬಂದವರಿಗೆಲ್ಲ ಉಹುಂ ಅನ್ನುತ್ತಿದ್ದೆ. ಅದು ಇವರಿಗೆ ಹೇಗೆ ಗೊತ್ತಾಯಿತೋ. “ನಿನ್ನ ಮದುವೆಗೆ ಒಂದೇ ಹೂಂ ಸಾಕು ಕಣಮ್ಮಾ. ಅದನ್ನ ಮಾತ್ರ ಕತ್ತರಿಸ್ಬೇಡ,” ಅಂದು ಹೋದರು. ಅಂದಿನಿಂದ ನಿಲಯದಲ್ಲಿ ನನ್ನ ಹೆಸರು ಕತ್ತರಿ ತಾಯಿ.

ಬುಧವಾರ ನಿರ್ದೇಶಕರು ಕರೆದರು. ಶ್ರದ್ಧಾಂಜಲಿ ಅರ್ಧ ಗಂಟೆ, ಮುಂದಿನ ಮಂಗಳವಾರ ಸಂಜೆ, ಅದೇ ಆರೂವರೆಗೆ. ನಾಲ್ಕು ಜನ ಗಣ್ಯರ ಭಾಷಣ, ನಡುವೆ ನಾದಸ್ವರ. “ಅವರ ದನಿ ಇದ್ದರೆ ಒಂದು ತುಣುಕು ಹಾಕಿ,” ಅಂದರು. ಇಲ್ಲ ಸಾರ್ ಅಂದೆ. “ಹೋಗ್ಲಿ ಬಿಡಿ, ಏನ್ಮಾಡಕ್ಕಾಗುತ್ತೆ,” ಅಂದರು. ಅವರೇನು ಯಲಹಂಕದ ಆ ಒಲೆಯ ಮುಂದೆ ಕೂತವರಲ್ಲವಲ್ಲ!

ನಾಟಕ ವಿಭಾಗದಲ್ಲಿ ಒಬ್ಬ ಕಲಾವಿದರಿದ್ದರು. ಯಾರ ದನಿಯನ್ನಾದರೂ ಅನುಕರಿಸಬಲ್ಲವರು. ಮೇಷ್ಟ್ರು ಬದುಕಿದ್ದಾಗ ಕ್ಯಾಂಟೀನಿನಲ್ಲಿ ಅವರ ಎದುರಿಗೇ ಅವರ ಹಾಗೆ ಮಾತಾಡಿ, ಅವರಿಂದಲೇ ಕಾಫಿ ಕುಡಿಸಿಕೊಂಡವರು. ನನ್ನ ಮುಖ ನೋಡಿ ಅವರೇ ಹತ್ತಿರ ಬಂದರು.

“ನಾಲ್ಕು ಕಾರ್ಡು ಕೊಡಮ್ಮ. ಮೇಷ್ಟ್ರ ಥರ ಓದಿ ಕೊಡ್ತೀನಿ. ಅವರ ಮನೆಯವರಿಗೂ ಗೊತ್ತಾಗಲ್ಲ, ಪಣ.”

“ಮೋಸ ಅಲ್ವಾ ಸಾರ್?”

“ಯಾರಿಗೆ ಮೋಸ? ಒಂದು ಜೀವಕ್ಕೆ ಸಮಾಧಾನ ಆಗುತ್ತೆ ತಾನೇ.”

ಒಪ್ಪಿದೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಸಂತೋಷದಿಂದಲೇ ಒಪ್ಪಿದೆ. ಮಧ್ಯಾಹ್ನ ಸ್ಟುಡಿಯೋ ಖಾಲಿಯಿದ್ದಾಗ ಎಂಟು ನಿಮಿಷ ಧ್ವನಿಮುದ್ರಣ ಮಾಡಿದೆವು. ಅದೇ ಮೂಗಿನ ಮೆಲುದನಿ, ಅದೇ ಎಳೆತ. ಗಾಜಿನ ಈಚೆ ಕೂತು ಕಣ್ಣು ಮುಚ್ಚಿದರೆ ಮೇಷ್ಟ್ರೇ ಒಳಗೆ ಕೂತ ಹಾಗಿತ್ತು. ಹಳೆಯ ಟೇಪು ಸಿಕ್ಕಿತು ಅಂತ ಆ ತಾಯಿಗೆ ಹೇಳಬೇಕಾದ ಮಾತನ್ನೂ ಮನಸ್ಸಿನಲ್ಲೇ ಜೋಡಿಸಿಕೊಂಡುಬಿಟ್ಟೆ.

ಗುರುವಾರ ಹಳ್ಳಿಯವರ ನಾಲ್ಕು ಮಾತು ತರಲು ವ್ಯಾನು ಕೊಟ್ಟರು. ಡ್ರೈವರು ಮೇಷ್ಟ್ರ ಜೊತೆ ವರ್ಷಗಟ್ಟಲೆ ತಿರುಗಿದವರು. ಹೆಬ್ಬಾಳದ ಏರಿಯ ಮೇಲೆ ಗಾಡಿ ನಿಧಾನ ಮಾಡಿ, ಮತ್ತೆ ಮುಂದೆ ಓಡಿಸಿದರು. ಬ್ಯಾಟರಾಯನಪುರದಲ್ಲಿ ಪಂಚಾಯ್ತಿ ರೇಡಿಯೋ ಇತ್ತು. ಮರದ ಪೆಟ್ಟಿಗೆ, ಅದಕ್ಕೊಂದು ಬೀಗ, ಸೂರಿನ ಮೇಲೆ ಗಂಟೆಯಾಕಾರದ ಸ್ಪೀಕರು. ಅದರ ಮುಂದಿನ ಕಲ್ಲಿನ ಮೇಲೆ ಹತ್ತು ಹನ್ನೆರಡು ಜನ ಸೇರಿದರು. ಮಾತು ಶುರು ಮಾಡಿಸುವ ಮೊದಲು ನನಗೊಂದು ದುರ್ಬುದ್ಧಿ ಬಂತು. ಈ ಕಿವಿಗಳಲ್ಲಿ ಪಾಸಾದರೆ ಎಲ್ಲಿಯಾದರೂ ಪಾಸು ಅಂದುಕೊಂಡು, ವ್ಯಾನಿನಿಂದ ಯಂತ್ರ ಇಳಿಸಿ ಕಲಾವಿದರ ಟೇಪು ಹಾಕಿದೆ. “ಹಳೇ ಟೇಪು, ಕೇಳಿ,” ಅಂದೆ.

ಎಲ್ಲರ ಮುಖವೂ ಅರಳಿತು. ಒಬ್ಬರು ಕೈಯೆತ್ತಿ ಮುಗಿದೇ ಬಿಟ್ಟರು. ಅರ್ಧ ನಿಮಿಷ ಹೋಯಿತು, ಒಂದು ನಿಮಿಷ ಹೋಯಿತು. ಜನ ಮಿಸುಕಾಡತೊಡಗಿದರು. ಯಾರೋ ಬಾಯಿ ತೆರೆದು ಮುಚ್ಚಿಕೊಂಡರು. ಎಲೆಯಡಿಕೆ ಕುಟ್ಟುತ್ತಿದ್ದ ಒಬ್ಬ ಅಜ್ಜಿ ಕುಟ್ಟಾಣಿ ಕೆಳಗಿಟ್ಟರು.

“ಇದ್ಯಾರವ್ವ ಇದು?”

“ಮೇಷ್ಟ್ರು ಅಜ್ಜಿ.”

“ಓಗು, ನಮ್ ಮೇಷ್ಟ್ರಂತೆ! ರೈಲ್ ಬಿಟ್ಟಂಗೆ ಬಿಡ್ತಾವ್ನೆ. ನಮ್ಮನ್ನ ಊಂ ಅನ್ನಾಕೇ ಬಿಡ್ನಿಲ್ವಲ್ಲ!”

“ಏನಂದ್ರಿ?”

“ನಮ್ ಮೇಷ್ಟ್ರು ಒಂದ್ ಮಾತ್ ಏಳಿ ನಿಲ್ಲೋರು ಕಣವ್ವ. ಇಲ್ಲಿ ಕುಂತ್ಕಂಡು ನಾವೆಲ್ಲಾ ಊಂ ಅನ್ನಬೇಕು. ಅಂದ್ಮೇಲೇನೇ ಅವ್ರು ಮುಂದುಕ್ಕೋಗೋದು. ಒಂದಿನಾನೂ ತಪ್ತಿರ್ನಿಲ್ಲ. ಇವ್ನಿಗೆ ನಾವು ಇಲ್ಲಿದೀವಿ ಅಂತಾನೇ ಗೊತ್ತಿಲ್ಲ.”

ಪಕ್ಕದಲ್ಲಿದ್ದ ಪಂಚಾಯ್ತಿ ಮೆಂಬರು ತಲೆ ಅಲ್ಲಾಡಿಸಿದರು. “ಹೌದಮ್ಮ. ರೇಡಿಯೋದಲ್ಲಿರೋರಿಗೆ ನಮ್ಮ ಊಂ ಕೇಳಿಸ್ತದೆ ಅಂತಾನೇ ಅಜ್ಜಿ ತಿಳ್ಕಂಡಿರೋದು. ನಾವೂ ಬೇಡ ಅನ್ನಾಕೆ ಓಗ್ನಿಲ್ಲ.”

ನಾನು ಟೇಪು ನಿಲ್ಲಿಸಿದೆ. ನಾಲ್ಕು ವರ್ಷ ದಿನಾ ಅವರ ಕಾರ್ಯಕ್ರಮ ಕೇಳಿದವಳು ನಾನು, ಓದು ಬರಹ ಬಲ್ಲವಳು ನಾನು. ಆ ನಿಲುಗಡೆಯನ್ನು ವಯಸ್ಸಾದವರ ಉಸಿರು ಅಂದುಕೊಂಡಿದ್ದೆ! ಅಜ್ಜಿಯ ಮುಂದೆ ಹೋಗಿ ಕೂತು, “ತಪ್ಪಾಯ್ತು ಅಜ್ಜಿ. ಅದು ಮೇಷ್ಟ್ರಲ್ಲ. ಅವರ ಮಾತು ಒಂದೂ ಉಳಿದಿಲ್ಲ, ನಾವೇ ಅಳಿಸಿಬಿಟ್ವಿ,” ಅಂದೆ.

“ಅಳಿಸ್ದ್ರೆ ಏನಾಯ್ತು, ನಮಗೆ ನೆನಪೈತಲ್ಲ,” ಅಂದರು ಅಜ್ಜಿ. ಮತ್ತೆ ಕುಟ್ಟಾಣಿ ಎತ್ತಿಕೊಂಡು, “ನೀನು ನಿನ್ ಡಬ್ಬಿ ಆಕು, ನಾವು ಮೇಷ್ಟ್ರಿಗೇ ಮಾತಾಡ್ತೀವಿ,” ಅಂದರು.

ಮಾತಾಡಿದರು. ಒಬ್ಬರು ಮೇಷ್ಟ್ರು ಹೇಳಿದ ಹಾಗೆ ದ್ರಾಕ್ಷಿಗೆ ಮದ್ದು ಹೊಡೆದು ತೋಟ ಉಳಿಸಿಕೊಂಡದ್ದನ್ನು ಹೇಳಿದರು. ತಣಿಸಂದ್ರದಿಂದ ಮಗಳ ಮನೆಗೆ ಬಂದಿದ್ದ ಒಬ್ಬ ಹೆಂಗಸು, ತಾನು ಗಂಡನ ಮೇಲೆ ದೂರು ಬರೆದ ಕಾರ್ಡನ್ನು ಮೇಷ್ಟ್ರು ಊರು ಹೆಸರು ಮುಚ್ಚಿಟ್ಟು ಓದಿದ್ದನ್ನೂ, ಅದೇ ಗಂಡ ಪಕ್ಕದಲ್ಲಿ ಕೂತು ‘ಎಂಥ ಗಂಡಸಪ್ಪ ಇವನು’ ಅಂತ ಬೈದದ್ದನ್ನೂ ಹೇಳಿ ನಗಿಸಿದರು. ಎಲ್ಲರೂ ಒಂದೊಂದು ಮಾತಿಗೂ ನಿಲ್ಲುತ್ತಿದ್ದರು. ಅಲ್ಲಿ ಯಾರೋ ಒಬ್ಬರು ಹೂಂ ಅನ್ನುತ್ತಾರೆ ಅನ್ನುವ ಹಾಗೆ. ಆ ನಿಲುಗಡೆಯಲ್ಲಿ ಗುಬ್ಬಿ ಚಿಲಿಪಿಲಿ, ದೂರದಲ್ಲಿ ಎತ್ತಿನ ಕೊರಳ ಗಂಟೆ. ಕೊನೆಗೆ ಎಲ್ಲರನ್ನೂ ಸುಮ್ಮನಿರಿಸಿ, ಆ ಸದ್ದಿಲ್ಲದ ಸದ್ದನ್ನೇ ಐದು ನಿಮಿಷ ಹಿಡಿದುಕೊಂಡೆ. ಡ್ರೈವರಿಗೆ ನನ್ನ ತಲೆ ಕೆಟ್ಟಿತು ಅನ್ನಿಸಿರಬೇಕು.

ವಾಪಸು ಬರುವಾಗ ಹೆಬ್ಬಾಳದ ಹತ್ತಿರ ನಾನು ಇದ್ದಕ್ಕಿದ್ದ ಹಾಗೆ “ಅಯ್ಯೋ!” ಅಂತ ಕಿರುಚಿದೆ. ಡ್ರೈವರು ಬ್ರೇಕು ಹಾಕಿದರು.

“ಏನಮ್ಮಾ?”

“ನನ್ನ ಬಿಸ್ಕತ್ ಡಬ್ಬ!”

“ಬಿಸ್ಕತ್ತಿಗೆ ಹಿಂಗೆ ಕಿರುಚ್ತಾರೇನಮ್ಮಾ? ಗಾಡಿ ಕೆರೆಗೆ ಹೋಗ್ತಿತ್ತು!”

ಡಬ್ಬದ ಚೂರುಗಳನ್ನು ನಾನು ಎಸೆದಿರಲಿಲ್ಲ. ಟೇಪಿನ ರೀಲಿನ ಮೊದಲ ತುದಿಗೆ ಬಿಳಿ ಪ್ಲಾಸ್ಟಿಕ್ಕಿನ ಒಂದೆರಡು ಗಜ ಪಟ್ಟಿ ಅಂಟಿಸಿರುತ್ತಾರೆ. ಯಂತ್ರಕ್ಕೆ ಸುತ್ತುವಾಗ ಒಳ್ಳೆಯ ಟೇಪು ಸವೆಯದಿರಲಿ ಅಂತ. ಅದಕ್ಕೆ ನಾವು ಬಾಲ ಅನ್ನುತ್ತಿದ್ದೆವು. ಆ ಬಿಳಿ ಪಟ್ಟಿಯೂ ನಮಗೆ ಸಾಲದೆ ಬಂದಾಗ, ನಾನು ಜಾಣತನ ಮಾಡಿ ಡಬ್ಬದ ಚೂರುಗಳನ್ನೇ ಒಂದಕ್ಕೊಂದು ಅಂಟಿಸಿ ಬಾಲ ಮಾಡಿ, ಹೊಸ ರೀಲುಗಳಿಗೆ ಹಾಕಿದ್ದೆ. ಯಾವ ರೀಲುಗಳಿಗೆ? ಉಳಿಸಿಡುವ ರೀಲುಗಳಿಗೆ. ಸಂಗೀತದ ರೀಲುಗಳಿಗೆ. ಯಾರೂ ಅಳಿಸದ ರೀಲುಗಳಿಗೆ!

ಶುಕ್ರವಾರ, ಶನಿವಾರ ಎರಡು ದಿನ ಸಂಗೀತದ ಕಪಾಟಿನ ಮುಂದೆ ಕೂತೆ. ಬಿಳಿ ಬಾಲ ಕಂಡರೆ ಬದಿಗೆ, ನಾನು ಅಂಟಿಸಿದ ಚೂರುಗಳ ಕಂದು ಬಾಲ ಕಂಡರೆ ಯಂತ್ರಕ್ಕೆ. ಮೊದಲನೆಯದು ಒಂದು ವೀಣೆಯ ರೀಲು. ಹಾಕಿದೆ. ಕೆಮ್ಮು. ಕೋಳಿ. ಯಾರದೋ ಸೀನು. ಆಮೇಲೆ ವೀಣೆ. ಎರಡನೆಯದರಲ್ಲಿ ಬಸ್ಸಿನ ಹಾರನ್ನು, ತಿರುಗಾಮುರುಗಾ ಅಂಟಿಸಿದ ಯಾವುದೋ ಮಾತು. ಮೂರನೆಯದು ನಾದಸ್ವರದ್ದು. ಶ್ರದ್ಧಾಂಜಲಿಗೆ ಬೇಕು ಅಂತ ನಿರ್ದೇಶಕರು ಹೇಳಿದ್ದ ಅದೇ ರೀಲು. ಹಾಕಿದೆ.

“ಹೂಂ.”

ಕೈ ಗುಂಡಿಯ ಮೇಲೇ ನಿಂತಿತು.

“ಹ್ಞಾಂ. ಹೂಂ. ಹೂಂ ಹೂಂ.”

ಮೇಷ್ಟ್ರೇ! ಯಾವ ಕಲಾವಿದರಿಗೂ ಬಾರದ ಹೂಂ ಅದು. ‘ಹೇಳು, ನನಗೇನೂ ಅವಸರವಿಲ್ಲ’ ಅನ್ನುವ ಹೂಂ. ಬಾಗಿಲು ಹಾಕಿಕೊಂಡು ಆ ಒಂದೂವರೆ ಗಜವನ್ನು ಹತ್ತು ಸಲ ಕೇಳಿದೆ. ನಗು ಬಂತು, ಅಳು ಬಂತು, ಕೊನೆಗೆ ಕತ್ತರಿಸಿದ ನನ್ನ ಕೈಗೇ ಒಂದು ಮುತ್ತು ಕೊಟ್ಟುಕೊಂಡೆ.

ಶನಿವಾರ ಸಂಜೆಗೆ ಇಪ್ಪತ್ತಮೂರು ಹೂಂ ಸಿಕ್ಕಿದವು. ಒಂದು ‘ಹೂಂ?’ ಅನುಮಾನದ್ದು. ಒಂದು ಉದ್ದನೆಯದು, ಯಾರದೋ ಕಷ್ಟ ಕೇಳಿದ್ದು. ಒಂದರಲ್ಲಿ ಅರ್ಧ ನಗುವಿತ್ತು. ಮಾತು ಅಂತ ಸಿಕ್ಕಿದ್ದು ಒಂದೇ ಒಂದು. ನನ್ನ ಬ್ಲೇಡು ಅಲ್ಲಿ ಸ್ವಲ್ಪ ಜಾರಿರಬೇಕು. “ಹೂಂ. ಆಮೇಲೆ?”

ಈಗ ಹೊಸ ಸಂಕಟ. ಹಿರಿಯ ಇಂಜಿನಿಯರು ಕೇಳಿ ಖುಷಿಯಾಗಿ, “ಭಲೇ! ಹಳ್ಳಿಯವರ ಮಾತಿನ ನಡುವೆ ಈ ಹೂಂ ಕೂರಿಸಿಬಿಡಿ. ಮೇಷ್ಟ್ರು ಅಲ್ಲೇ ಕೂತು ಕೇಳ್ತಿರೋ ಹಾಗಿರುತ್ತೆ,” ಅಂದರು. ಒಂದು ಕಡೆ ಕೂರಿಸಿಯೂ ನೋಡಿದೆ. ಸೊಗಸಾಗಿತ್ತು. ಅಷ್ಟು ಸೊಗಸಾಗಿದ್ದರಿಂದಲೇ ಹೆದರಿಕೆಯಾಯಿತು. ತಣಿಸಂದ್ರದ ಆ ಹೆಂಗಸಿನ ಮಾತಿಗೆ ಮೇಷ್ಟ್ರು ಹೂಂ ಅಂದಿರಲಿಲ್ಲ. ಇನ್ಯಾರದೋ ಬೆಳೆಗೆ, ಇನ್ಯಾರದೋ ಸಾಲಕ್ಕೆ ಅಂದ ಹೂಂ ಅದು. ಕಲಾವಿದರ ಟೇಪಿಗೂ ಇದಕ್ಕೂ ಏನು ವ್ಯತ್ಯಾಸ? ಒಮ್ಮೆ ಅಜ್ಜಿಯ ಮುಂದೆ ಸಿಕ್ಕಿಬಿದ್ದದ್ದು ಸಾಲದೇ? ಭಾನುವಾರ ಮನೆಯಲ್ಲಿ ಅಮ್ಮನ ಎದುರು ಕೂತು ಅನ್ನ ಕಲಸುತ್ತಾ ತೀರ್ಮಾನ ಮಾಡಿದೆ. ಹಳ್ಳಿಯವರ ನಿಲುಗಡೆಗಳನ್ನು ತುಂಬುವುದಿಲ್ಲ. ಅವು ಖಾಲಿಯೇ ಇರಲಿ, ಕೇಳುವವರು ಬೇಕಾದರೆ ಹೂಂ ಅಂದುಕೊಳ್ಳಲಿ. ಮೇಷ್ಟ್ರ ಹೂಂಗಳು ಕೊನೆಯಲ್ಲಿ, ಒಂದರ ಹಿಂದೆ ಒಂದು, ಇವು ಏನು ಅಂತ ನಿಜ ಹೇಳಿಯೇ ಬರಬೇಕು.

ಸೋಮವಾರ ಗಣ್ಯರ ಭಾಷಣಗಳನ್ನು ಕೈಬಿಟ್ಟು, ಉಳಿದದ್ದನ್ನು ಅಂಟಿಸಿದೆ. ಸೆಕೆಂಡಿಗೆ ಏಳೂವರೆ ಇಂಚು ಓಡುವ ಟೇಪು. ಪ್ರತಿ ಹೂಂಗೆ ಮುಂಚೆ ಮೂವತ್ತು ಇಂಚು, ಅಂದರೆ ನಾಲ್ಕು ಸೆಕೆಂಡು, ಬ್ಯಾಟರಾಯನಪುರದ ಆ ಸದ್ದಿಲ್ಲದ ಸದ್ದು. ಖಾಲಿ ಟೇಪು ಹಾಕಿದ್ದರೆ ಬಾವಿಯೊಳಗೆ ಕೂತ ಹಾಗಿರುತ್ತಿತ್ತು. ಗುಬ್ಬಿ ಇದ್ದರೆ ಜಗಲಿ ಅನ್ನಿಸುತ್ತದೆ.

ನಿರ್ದೇಶಕರು ಕೇಳಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಏನ್ರೀ ಇದು? ಗಣ್ಯರ ಭಾಷಣ ಎಲ್ಲಿ? ಸುಮಾರು ಎರಡು ನಿಮಿಷ ಬರೀ ಹೂಂ ಹೂಂ ಅಂತಿದ್ರೆ ಯಂತ್ರ ಕೆಟ್ಟಿದೆ ಅಂದ್ಕೋತಾರೆ. ಮೇಲಿನವರು ಕೇಳಿದ್ರೆ ನಾನೇನು ಹೇಳ್ಲಿ?”

ನನಗೆ ರೇಗಿತು. “ಅವರ ಮಾತೆಲ್ಲಾ ಅಳಿಸಿದ್ವಿ ಅಂತ ಹೇಳಿ ಸಾರ್. ನಾನೇ ಅಳಿಸಿದ್ದು, ನನ್ನ ಹೆಸರೇ ಹೇಳಿ. ಹತ್ತು ವರ್ಷ ಒಬ್ಬ ಮನುಷ್ಯ ಊರೋರ ಮಾತನ್ನೆಲ್ಲಾ ಕೂತು ಕೇಳಿದ್ರು. ನಾವು ಅವರ ಹೂಂ ಎರಡು ನಿಮಿಷ ಕೇಳಕ್ಕಾಗಲ್ವಾ?”

ಅಂದಮೇಲೆ ಕೆಲಸ ಹೋಯಿತು ಅಂದುಕೊಂಡೆ. ಅವರು ಕನ್ನಡಕ ಮತ್ತೆ ಹಾಕಿಕೊಂಡು, “ನನ್ನದೊಂದು ಎರಡು ನಿಮಿಷದ ಭಾಷಣ ಇರಲೇಬೇಕು. ಮೊದಲಲ್ಲಿ,” ಅಂದರು. ಒಪ್ಪಿದೆ. ಆ ಭಾಷಣದಲ್ಲಿದ್ದ ಹದಿನಾಲ್ಕು ‘ಅಂದರೆ’ಗಳನ್ನು ರೂಲ್ಸಿನ ಪ್ರಕಾರ ಕತ್ತರಿಸಿದೆ.

ಮಂಗಳವಾರ ಟೇಪನ್ನು ಡ್ಯೂಟಿಯವರ ಕೈಗೆ ಕೊಟ್ಟು ಬಸ್ಸು ಹಿಡಿದು ಯಲಹಂಕಕ್ಕೆ ಹೋದೆ. ಹನ್ನೊಂದನೆಯ ದಿನದ ಕಾರ್ಯ ಮುಗಿದಿತ್ತು. ರೇಡಿಯೋ ಮೇಷ್ಟ್ರ ಮನೆಯಲ್ಲಿ ರೇಡಿಯೋ ಇರಲಿಲ್ಲ, ದೀಪದ ಬುಡ ಕತ್ತಲೆ. ಪಕ್ಕದ ಮನೆಯವರು ತಮ್ಮ ಸೆಟ್ಟನ್ನು ತಂದು ಕಿಟಕಿಯಲ್ಲಿಟ್ಟಿದ್ದರು. ಜಗಲಿಯ ತುಂಬ ಜನ. ಆ ತಾಯಿ ಹೊಸಿಲ ಒಳಗೆ ಕೂತಿದ್ದರು. ನಾನು ಅವರ ಪಕ್ಕ ಕೂತು, ಶುರುವಾಗುವ ಮೊದಲೇ ಹೇಳಿಬಿಟ್ಟೆ.

“ಅಮ್ಮಾ, ನಿಮಗೆ ಮಾತು ಕೊಟ್ಟಿದ್ದೆ. ಅವರ ಮಾತು ಒಂದೂ ಇಲ್ಲ. ನಾನೇ ಅಳಿಸಿದ್ದು. ಬರೀ ಹೂಂ ಸಿಕ್ಕಿದೆ. ಅದೂ ನಾನೇ ಕಸ ಅಂತ ಕತ್ತರಿಸಿ ತೆಗೆದಿದ್ದು.”

ಆಕೆ ನನ್ನ ಮುಖ ನೋಡಿದರು. ಬೈಯಲಿಲ್ಲ. ನನ್ನ ಕೈಯನ್ನು ಎತ್ತಿ ತಮ್ಮ ಮಡಿಲಲ್ಲಿಟ್ಟುಕೊಂಡರು.

ಆರೂವರೆಯಾಯಿತು. ನಿರ್ದೇಶಕರ ಭಾಷಣ ಬಂತು, ಹೋಯಿತು. ಬ್ಯಾಟರಾಯನಪುರದವರು ಮಾತಾಡಿದರು. ಮೊದಲ ನಿಲುಗಡೆಯಲ್ಲಿ ಜಗಲಿಯಲ್ಲಿ ಯಾರೂ ಉಸಿರೆತ್ತಲಿಲ್ಲ. ಎರಡನೆಯದರಲ್ಲಿ ಒಬ್ಬರು ಮೆಲ್ಲಗೆ ಹೂಂ ಅಂದರು. ನಾಲ್ಕನೆಯದಕ್ಕೆ ಎಲ್ಲರೂ ಅನ್ನುತ್ತಿದ್ದರು. ಆಮೇಲೆ ಉದ್ಘೋಷಕರು ನಾನು ಬರೆದುಕೊಟ್ಟದ್ದನ್ನು ಓದಿದರು: “ಮೇಷ್ಟ್ರ ಮಾತುಗಳನ್ನು ನಾವು ಉಳಿಸಿಕೊಳ್ಳಲಿಲ್ಲ. ನಿಮ್ಮ ಮಾತುಗಳನ್ನು ಕೇಳುತ್ತಾ ಅವರು ಅಂದ ಹೂಂಗಳನ್ನು ಕತ್ತರಿಸಿ ತೆಗೆದಿದ್ದೆವು. ಅವು ಸಿಕ್ಕಿವೆ. ಕೇಳಿ.”

ಗುಬ್ಬಿಗಳ ಸದ್ದು. ನಾಲ್ಕು ಸೆಕೆಂಡು.

“ಹೂಂ.”

ನನ್ನ ಕೈ ಹಿಡಿದಿದ್ದ ಕೈ ಬಿಗಿಯಾಯಿತು. ಮತ್ತೆ ಗುಬ್ಬಿಗಳು. “ಹೂಂ.” ಮತ್ತೆ. “ಹ್ಞಾಂ. ಹೂಂ.” ಆಕೆ ರೇಡಿಯೋದ ಕಡೆ ಸ್ವಲ್ಪ ವಾಲಿದರು. ಮನೆಯೊಳಗೆ ಬಂದು ಕೂತ ಗಂಡನ ಹತ್ತಿರ ಮಾತಾಡುವ ಹಾಗೆ, ಯಾರನ್ನೂ ಲೆಕ್ಕಿಸದೆ, ಮೆಲ್ಲಗೆ ಶುರು ಮಾಡಿದರು.

“ರೀ, ಅವತ್ತು ಒಲೆ ಊದ್ತಾ ಇದ್ದೆ ಕಣ್ರೀ.”

“ಹೂಂ,” ಅಂದಿತು ರೇಡಿಯೋ.

“ಹೋಗ್ಬರ್ತೀನಿ ಅಂದದ್ದು ಕೇಳಿಸ್ತು.”

“ಹೂಂ.”

“ಸೌದೆ ಹಸಿ ಇತ್ತು. ಹೊಗೆ. ಕಣ್ಣು ಬಿಡಕ್ಕಾಗಲಿಲ್ಲ.”

ಉದ್ದನೆಯ ಹೂಂ ಬಂತು. ಯಾವುದೋ ಹಳ್ಳಿಯಲ್ಲಿ ಯಾರದೋ ಕಷ್ಟ ಕೇಳಿ ಅಂದದ್ದು. ಜಗಲಿಯಲ್ಲಿದ್ದವರು ಯಾರೂ ಈ ಕಡೆ ತಿರುಗಲಿಲ್ಲ. ಟೇಪು ನನಗೆ ಬಾಯಿಪಾಠ, ಎಷ್ಟು ಉಳಿದಿವೆ ಅಂತ ಗೊತ್ತಿತ್ತು. ಬೇಗ ಹೇಳಿಬಿಡಮ್ಮಾ ಅಂತ ಮನಸ್ಸಿನಲ್ಲೇ ಬೇಡಿಕೊಂಡೆ.

“ಸಂಜೆಗೆ ಹುರುಳಿ ಸಾರು ಮಾಡೋಣ ಅಂತ ನೆನೆಹಾಕಿದ್ದೆ.”

“ಹೂಂ ಹೂಂ,” ನಗುವಿದ್ದ ಹೂಂ.

“ಸುದ್ದಿ ಬಂದ್ಮೇಲೂ ಆರೂವರೆಗೆ ಪಕ್ಕದ ಮನೆ ರೇಡಿಯೋಗೆ ಕಿವಿ ಕೊಟ್ಟೆ. ನಿಮ್ಮ ದನಿ ಬರಲಿಲ್ಲ.”

ನಾಲ್ಕು ಸೆಕೆಂಡು. ಎತ್ತಿನ ಕೊರಳ ಗಂಟೆ.

“ಹೂಂ. ಆಮೇಲೆ?”

ಅದು ಕೊನೆಯದು. ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡರು.

“ಆಮೇಲೇನು, ನೀವು ಬರ್ಲಿಲ್ಲ,” ಅಂದರು. ನಂತರ ಅಷ್ಟು ದಿನದಿಂದ ಬಾಯಲ್ಲಿ ಇಟ್ಟುಕೊಂಡಿದ್ದನ್ನು ಹೇಳಿದರು, “ಹೂಂ. ಹೋಗ್ಬನ್ನಿ.”

ನಾದಸ್ವರ ಶುರುವಾಯಿತು.